ಬದನೆಕಾಯಿ ಮತ್ತು ಕೋಳಿಮಾಂಸದ ಪಾಕ: ಮೆಡಿಟರೇನಿಯನ್ ತೀರದ ಅಡಿಗೆಯನ್ನು ಗುಡೇಕೋಟೆ ಸೀಮೆಯ ಮನೆಗಳಲ್ಲಿ ಮಾಡುವ ಕ್ರಮ

ಗುಡೇಕೋಟೆ ಸೀಮೆಯ ಕೆಂಪು ಮರಳುಭೂಮಿಯಲ್ಲಿ ಬಾವಿಯ ಅಥವಾ ಕೊಳವೆಬಾವಿಯ ನೀರುಳ್ಳ ಹಿಡುವಳಿದಾರರು ಶೇಂಗಾ, ಜೋಳ, ರಾಗಿಗಳ ಮಗ್ಗುಲಲ್ಲಿ ನಾಲ್ಕಾರು ಗುಂಟೆ ಬದನೆಯನ್ನು ಹಾಕುವುದುಂಟು. ಹಿತ್ತಲಿನಲ್ಲಿ ಕೆಲವು ಜವಾರಿ ಕೋಳಿಗಳನ್ನು ಬಿಟ್ಟಿರುವ ಮನೆಗಳೂ ಬಹಳ. ಆದರೆ ಸಂತೆಯಲ್ಲಿ ಬದನೆಯ ಬೆಲೆಯು ಕುಸಿದು, ಕೊಯ್ದು ಹೊರುವ ಕೂಲಿಯೂ ಹುಟ್ಟದಿರುವ ವಾರಗಳಲ್ಲಿ, ಕಾಯಿಯು ಗಿಡದಲ್ಲಿಯೇ ಬಲಿತು ಹಳದಿಯಾಗುತ್ತದೆ. ಇಲ್ಲವೆ ದನಗಳ ಮುಂದೆ ಸುರಿಯಲ್ಪಡುತ್ತದೆ. ಕೋಳಿಯಾದರೋ ಒಂದು ಬೇಸಗೆಯ ರೋಗದಲ್ಲಿ ಮಂದೆಯೊಡನೆ ಸತ್ತು ತಿಪ್ಪೆಯನ್ನು ಸೇರುತ್ತದೆ. ಬೆಳೆದವನ ಮನೆಯ ತಟ್ಟೆಗೆ ಎರಡೂ ಬರಲಿಲ್ಲವೆಂದಾಗ ಆ ಬೇಸಾಯದಿಂದ ಬಂದ ಲಾಭವೇನು ಎಂಬುದನ್ನು ವಿಚಾರಮಾಡುವುದು ಯುಕ್ತವಾಗಿದೆ. ಆದಕಾರಣ ಬದನೆ ಕೋಳಿಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸುವ ಒಂದು ಪಾಕಕ್ರಮವನ್ನೂ, ಅದು ಚೆನ್ನಾಗಿ ಆಗಬೇಕಾದರೆ ಹೊಲದಲ್ಲಿಯೂ ಗೂಡಿನಲ್ಲಿಯೂ ಏನೇನು ನಡೆದಿರಬೇಕೆಂಬುದನ್ನೂ ಇಲ್ಲಿ ವಿವರಿಸಲಾಗಿದೆ. ಕೃಷಿಯ ಪತ್ರಿಕೆಯಲ್ಲಿ ಅಡಿಗೆಯ ಮಾತೇಕೆಂದು ಕೆಲವರು ಕೇಳಬಹುದು. ಬೆಳೆದ ವಸ್ತುವಿನ ಗುಣದೋಷಗಳು ಕೊನೆಗೆ ತಿಳಿಯುವುದು ಒಲೆಯ ಮೇಲೆಯೇ ಆದುದರಿಂದ ಈ ವಿಷಯವನ್ನು ಬಿಡುವುದಕ್ಕೆ ನಮಗೆ ಕಾರಣ ಕಾಣಲಿಲ್ಲ.

ಈ ಪಾಕವು ಗ್ರೀಸ್, ತುರ್ಕಿ, ಸಿರಿಯ, ಲೆಬನಾನ್ ಮೊದಲಾದ ಮೆಡಿಟರೇನಿಯನ್ ಸಮುದ್ರತೀರದ ದೇಶಗಳಲ್ಲಿ ನಾನಾ ರೂಪಗಳಲ್ಲಿ ಬಳಕೆಯಲ್ಲಿದೆ. ಹೆಸರು ಕೇಳಿ ಪರದೇಶದ್ದೆಂದು ಹಿಂಜರಿಯಬೇಕಾದ್ದಿಲ್ಲ. ಬದನೆಯು ಮೂಲತಃ ನಮ್ಮ ಕಡೆಯ ಗಿಡ. ಭಾರತದಿಂದ ಅದು ಪಾರಸಿಕರ ದೇಶಕ್ಕೂ, ಅಲ್ಲಿಂದ ಅರಬರ ಕೈಯಲ್ಲಿ ಆಫ್ರಿಕದ ಉತ್ತರತೀರಕ್ಕೂ, ಸ್ಪೇನ್ ದೇಶಕ್ಕೂ ಹೋಯಿತು. ಸಂಸ್ಕೃತದ ‘ವಾತಿಂಗಣ’, ಪಾರಸಿಯ ‘ಬಾದಿಂಗಾನ್’, ಅರಬ್ಬಿಯ ‘ಬಾದಿಂಜಾನ್’, ಸ್ಪೇನಿನವರ ‘ಬೆರೆಂಜೆನಾ’, ಪೋರ್ತುಗೀಸರ ‘ಬೆರಿಂಜೆಲಾ’ ಎಂಬ ಹೆಸರುಗಳನ್ನು ಸಾಲಾಗಿ ಓದಿದರೆ ಗಿಡವು ನಡೆದ ದಾರಿಯೇ ಕಾಣುತ್ತದೆ. ಇಂಗ್ಲಿಷರು ನಮ್ಮ ದೇಶದಲ್ಲಿ ಅದನ್ನು ‘ಬ್ರಿಂಜಾಲ್’ ಎಂದದ್ದು ಪೋರ್ತುಗೀಸರಿಂದ ಕಲಿತೇ. ಅಂದರೆ ನಮ್ಮ ಕಾಯಿಯ ಹೆಸರು ಲೋಕವನ್ನು ಸುತ್ತಿ ಮತ್ತೆ ನಮ್ಮ ಸಂತೆಗೇ ಬಂದು ಕುಳಿತಿತು.

ಮಾಂಸವನ್ನೂ ಬದನೆಯನ್ನೂ ಕೂಡಿಸುವ ಕ್ರಮವು ಕನ್ನಡನಾಡಿಗೆ ಹೊಸತಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ 3ನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗವೆಂಬ ಭಾಗದಲ್ಲಿ, ಬದನೆಯ ತಿರುಳನ್ನು ತೆಗೆದು ಅರೆದ ಮಾಂಸವನ್ನು ತುಂಬಿ ಎಣ್ಣೆಯಲ್ಲಿ ಬೇಯಿಸುವ ಭಕ್ಷ್ಯವು ಬರುತ್ತದೆ. ತುರ್ಕಿಯವರು ಇಂದಿಗೂ ಬದನೆಯ ಹೊಟ್ಟೆಯನ್ನು ಸೀಳಿ ಮಾಂಸವನ್ನು ತುಂಬಿ ಬೇಯಿಸುತ್ತಾರೆ. ಮುಂದೆ ಸುಮಾರು 1520ರಲ್ಲಿ ವಿಜಯನಗರವನ್ನು ನೋಡಿದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಪಟ್ಟಣಕ್ಕೆ ದಿನವೂ ಬರುತ್ತಿದ್ದ ನಿಂಬೆ, ಕಿತ್ತಳೆ, ಬದನೆ ಮುಂತಾದ ತೋಟದ ಪದಾರ್ಥಗಳ ಹೊರೆಗಳನ್ನು ಕಂಡು ಬೆರಗಾದನು. ಪಟ್ಟಣದೊಳಗೆ ಒಂದು ಸಣ್ಣ ನಾಣ್ಯಕ್ಕೆ 3 ಕೋಳಿಗಳೂ, ಹೊರಗಿನ ಊರುಗಳಲ್ಲಿ ಅದೇ ನಾಣ್ಯಕ್ಕೆ 4 ಕೋಳಿಗಳೂ ಸಿಗುತ್ತಿದ್ದವೆಂದು ಅವನು ಬರೆದಿದ್ದಾನೆ. ಆ ಪಟ್ಟಣದ ಹಾಳುಗಳಿರುವ ಹಂಪೆಯೂ ನಮ್ಮ ಕೂಡ್ಲಿಗಿ ತಾಲ್ಲೂಕೂ 2021ರಿಂದ ಒಂದೇ ವಿಜಯನಗರ ಜಿಲ್ಲೆಯಲ್ಲಿವೆ. ಹಳ್ಳಿಯಲ್ಲಿ ಅಗ್ಗ, ಪೇಟೆಯಲ್ಲಿ ತುಟ್ಟಿ ಎಂಬ ಕೋಳಿಯ ಧಾರಣೆಯ ಲೆಕ್ಕವು 500 ವರ್ಷಗಳಾದರೂ ಬದಲಾಗಿಲ್ಲವೆಂಬುದನ್ನು ಓದುಗರು ಗಮನಿಸಬಹುದು.

ಟೊಮೇಟೊ ಮಾತ್ರ ಹೊಸ ಬಂಧು. ಅಮೆರಿಕ ಖಂಡದ ಆ ಗಿಡವು 16ನೆಯ ಶತಮಾನದಲ್ಲಿ ಯೂರೋಪಿಗೆ ಬಂದಿತು. ಸೋಮೇಶ್ವರನ ಅಡಿಗೆಯವರು ಟೊಮೇಟೊವನ್ನಾಗಲಿ ಮೆಣಸಿನಕಾಯಿಯನ್ನಾಗಲಿ ಕಂಡವರಲ್ಲ.

ಇನ್ನು ಕಾಯಿಯ ವಿಷಯ. ಈ ಪಾಕಕ್ಕೆ ಬೇಕಾದ್ದು ಎಳೆಯ ಕಾಯಿ. ಸಿಪ್ಪೆಯು ಹೊಳೆಯುತ್ತಿರಬೇಕು, ಹೆಬ್ಬೆರಳಿನಿಂದ ಒತ್ತಿದರೆ ತಗ್ಗಿ ಕೂಡಲೆ ಮೇಲೇಳಬೇಕು, ತೊಟ್ಟು ಹಸುರಾಗಿರಬೇಕು. ಹೊಳಪು ಮಾಸಿದ ಕಾಯಿಯಲ್ಲಿ ಬೀಜವು ಬಲಿತಿರುವುದರಿಂದ ಕಹಿಯಾಗುತ್ತದೆ, ಎಷ್ಟು ಮಸಾಲೆ ಹಾಕಿದರೂ ಆ ಕಹಿಯು ಹೋಗದು. ಗಿಡವು ಕಾಯಿಗೆ ಬಂದ ಮೇಲೆ 4-5 ದಿನಗಳಿಗೊಮ್ಮೆ ಕೊಯ್ಯುತ್ತಿದ್ದರೆ ಎಳೆಗಾಯಿ ತಪ್ಪದೆ ದೊರೆಯುವುದು. ಬೆಲೆ ಇಲ್ಲವೆಂದು ಕೊಯ್ಲನ್ನು ನಿಲ್ಲಿಸಿದರೆ ಗಿಡದ ಸಾರವೆಲ್ಲ ಬೀಜಕ್ಕೆ ಹೋಗಿ ಹೊಸ ಹೂವು ಕಡಿಮೆಯಾಗುವುದೆಂಬುದು ಅನುಭವಿಗಳಿಗೆ ತಿಳಿದ ವಿಷಯ.

ಇಲ್ಲಿಯೇ ನಾವು ಒಂದು ಕಠಿಣವಾದ ಮಾತನ್ನು ಆಡಬೇಕಾಗಿದೆ. ಬದನೆಯ ದೊಡ್ಡ ಶತ್ರುವೆಂದರೆ ಕುಡಿ ಮತ್ತು ಕಾಯಿ ಕೊರೆಯುವ ಹುಳು. ಚಿಟ್ಟೆಯು ಎಲೆಯ ಮೇಲೆ ಮೊಟ್ಟೆಯನ್ನಿಟ್ಟು, ಮರಿಹುಳುವು ಮೊದಲು ಎಳೆಯ ಕುಡಿಯನ್ನೂ ಆಮೇಲೆ ಕಾಯನ್ನೂ ಹೊಕ್ಕುಬಿಡುತ್ತದೆ. ಒಳಗೆ ಹೊಕ್ಕ ಹುಳುವಿಗೆ ಮೇಲೆ ಸಿಂಪಡಿಸಿದ ಔಷಧಿ ತಾಕುವುದಿಲ್ಲ. ತಾಕಲಿಲ್ಲವೆಂದು ರೈತನು ಮತ್ತೆ ಮತ್ತೆ ಸಿಂಪಡಿಸುತ್ತಾನೆ. ಪ್ರತಿಯೊಂದು ಕೀಟನಾಶಕದ ಡಬ್ಬಿಯ ಮೇಲೆ ಸಿಂಪಡಿಸಿದ ನಂತರ ಎಷ್ಟು ದಿನ ಕೊಯ್ಯಕೂಡದೆಂದು ಮುದ್ರಿಸಿರುತ್ತದೆ. ಅನೇಕ ಔಷಧಿಗಳಿಗೆ ಆ ಅವಧಿಯು ಕೊಯ್ಲಿನ ಸರದಿಗಿಂತ ದೀರ್ಘವಾದದ್ದು. ಅಂದರೆ ಈ ಹೊತ್ತು ಸಿಂಪಡಿಸಿದವನು ನ್ಯಾಯವಾಗಿ ಒಂದು ಕೊಯ್ಲನ್ನು ಬಿಡಲೇಬೇಕು. ಬಿಟ್ಟರೆ ಕಾಯಿ ಬಲಿಯುತ್ತದೆ, ನಷ್ಟ. ಬಿಡದಿದ್ದರೆ ವಿಷವು ಊಟಕ್ಕೆ ಹೋಗುತ್ತದೆ. ಈ ಸಂಕಟದಲ್ಲಿ ಕೆಲವರು ಮನೆಯ ಬಳಕೆಗೆಂದು ಒಂದು ಸಾಲಿಗೆ ಔಷಧಿಯನ್ನೇ ಹೊಡೆಯದೆ, ಉಳಿದ ಸಾಲುಗಳ ಕಾಯನ್ನು ಮರುದಿನವೇ ಸಂತೆಗೆ ಕಳುಹಿಸುವ ರೂಢಿಯನ್ನು ಕಂಡುಕೊಂಡಿದ್ದಾರೆ. ತನ್ನ ಮಕ್ಕಳಿಗೆ ಆಗದ್ದು ನೆರೆಯವರ ಮಕ್ಕಳಿಗೂ ಆಗದೆಂಬುದನ್ನು ಅವರಿಗೆ ಊರಿನ ಮುಖ್ಯರೇ ಹೇಳಬೇಕಲ್ಲದೆ ಪತ್ರಿಕೆಯು ಹೇಳಿ ಪ್ರಯೋಜನವಿಲ್ಲ. ತೊಳೆದರೆ ಹೋಗುತ್ತದೆಂಬ ಸಮಾಧಾನವೂ ಅರ್ಧ ಸತ್ಯವೇ: ಸಿಪ್ಪೆಯ ಮೇಲಿನದು ಸ್ವಲ್ಪಮಟ್ಟಿಗೆ ತೊಳೆಯಲ್ಪಡುವುದು, ಗಿಡವು ಹೀರಿಕೊಂಡದ್ದು ತೊಳೆಯಲ್ಪಡದು.

ಪರಿಹಾರವಿಲ್ಲದೆ ಇಲ್ಲ. ಬಾಡಿ ಜೋತುಬಿದ್ದ ಕುಡಿಗಳನ್ನು ವಾರಕ್ಕೊಮ್ಮೆ ಹುಳುವಿನ ಸಮೇತ ಒಂದು ಅಂಗುಲ ಕೆಳಗಿನಿಂದ ಚಿವುಟಿ ಸುಡತಕ್ಕದ್ದು. ತೂತುಬಿದ್ದ ಕಾಯಿಗಳನ್ನು ಬದುವಿನ ಮೇಲೆ ಎಸೆಯದೆ ಆಳವಾಗಿ ಹೂಳತಕ್ಕದ್ದು. ಹಳೆಯ ಬದನೆಕಟ್ಟಿಗೆಯನ್ನು ಹೊಲದ ಮೂಲೆಯಲ್ಲಿ ಒಟ್ಟಿಡಬಾರದು, ಏಕೆಂದರೆ ಅದರಲ್ಲಿ ಅಡಗಿದ ಕೋಶಗಳಿಂದಲೇ ಹೊಸ ಚಿಟ್ಟೆಗಳು ಹೊರಡುತ್ತವೆ. ಗಂಡುಚಿಟ್ಟೆಗಳನ್ನು ಸೆಳೆಯುವ ಮೋಹಕ ಬಲೆಗಳನ್ನು ಹೂಡುವುದೂ, ಬೇವಿನ ಬೀಜದ ಕಷಾಯವನ್ನು ಸಿಂಪಡಿಸುವುದೂ ಉಪಯುಕ್ತ. ಆದರೆ ಒಬ್ಬನೇ ಮಾಡಿ ಪಕ್ಕದ ಹೊಲದವನು ಸುಮ್ಮನಿದ್ದರೆ ಚಿಟ್ಟೆಗೆ ಬದುವಿನ ಅಡ್ಡಿಯೇನೂ ಇಲ್ಲ. ಊರಿನ ಬದನೆಯವರೆಲ್ಲರೂ ಒಂದೇ ದಿನ ಕುಡಿ ಚಿವುಟುವಂತೆ ಏರ್ಪಡಿಸುವುದು ಗ್ರಾಮಮುಖ್ಯರ ಕೈಯಲ್ಲಿರುವ ಕೆಲಸ. ಈ ಹುಳುವನ್ನು ತಡೆಯುವ ಬಿಟಿ ಬದನೆಯ ತಳಿಗಳನ್ನು ಸಿದ್ಧಪಡಿಸುವುದರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಭಾಗಿಯಾಗಿದ್ದಿತು. ಕೇಂದ್ರ ಸರ್ಕಾರವು 2010ನೆಯ ಇಸವಿ ಫೆಬ್ರವರಿ 9ರಂದು ಅದರ ಬಿಡುಗಡೆಯನ್ನು ತಡೆಹಿಡಿಯಿತು. ಆದುದರಿಂದ ಮೇಲೆ ಹೇಳಿದ ಕೈಕೆಲಸವೇ ನಮ್ಮ ಆಶ್ರಯ.

ಕೋಳಿಯ ವಿಷಯದಲ್ಲಿಯೂ ಊರೊಟ್ಟಿನ ಮಾತೇ ಮುಖ್ಯ. ಹಿತ್ತಲ ಕೋಳಿಗಳನ್ನು ಮಂದೆಮಂದೆಯಾಗಿ ಕೊಲ್ಲುವುದು ರಾಣಿಖೇತ್ ರೋಗ. 1927ರಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತಿನಲ್ಲಿ ಗುರುತಿಸಲ್ಪಟ್ಟದ್ದರಿಂದ ಆ ಹೆಸರು. ಇದಕ್ಕೆ ಔಷಧಿಯಿಲ್ಲ, ಲಸಿಕೆಯುಂಟು. ಮರಿಗಳಿಗೆ ಮೊದಲನೆಯ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಒಂದು ತೊಟ್ಟನ್ನೂ, 8-10 ವಾರಗಳಾದಾಗ ಚುಚ್ಚುಮದ್ದನ್ನೂ ಕೊಡಿಸತಕ್ಕದ್ದು. ಕಷ್ಟವಿರುವುದು ಇಲ್ಲಿ: ಲಸಿಕೆಯ ಒಂದು ಸೀಸೆಯಲ್ಲಿ ನೂರಾರು ಕೋಳಿಗಳಿಗಾಗುವಷ್ಟು ಮದ್ದಿರುತ್ತದೆ, ಒಮ್ಮೆ ಕಲಸಿದರೆ ಒಂದೆರಡು ಗಂಟೆಗಳೊಳಗೆ ಮುಗಿಸಬೇಕು. ಹತ್ತು ಕೋಳಿಯ ಮನೆಯವಳು ಒಂದು ಸೀಸೆಯನ್ನು ಒಡೆಯಿಸಲಾರಳು. ನಲವತ್ತು ಮನೆಗಳವರು ಹಿಂದಿನ ರಾತ್ರಿ ಕೋಳಿಗಳನ್ನು ಗೂಡಿನಿಂದ ಹೊರಬಿಡದೆ ಇರಿಸಿಕೊಂಡು, ಬೆಳಿಗ್ಗೆ ಒಂದೇ ಕಟ್ಟೆಗೆ ಬುಟ್ಟಿಗಳಲ್ಲಿ ತಂದರೆ ಪಶುವೈದ್ಯರ ಕೆಲಸವು ಹೊತ್ತೇರುವುದರೊಳಗಾಗಿ ಮುಗಿಯುವುದು. ದನಕರುಗಳ ಲಸಿಕೆಗೆ ಡಂಗುರ ಹೊಡೆಯಿಸುವ ಊರಿನಲ್ಲಿ ಕೋಳಿಗೆ ಹೊಡೆಯಿಸಲು ನಾಚಿಕೆಯೇಕೋ ತಿಳಿಯದು. ಕೋಳಿಯು ಹೆಂಗಸರ ಸ್ವಂತ ಆಸ್ತಿಯೆಂಬುದೇ ಅದಕ್ಕೆ ಕಾರಣವಿರಬಹುದು.

2025ರ ಆರಂಭದಲ್ಲಿ ನೆರೆಯ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರವು ಕಾಣಿಸಿಕೊಂಡದ್ದು ಓದುಗರ ನೆನಪಿನಲ್ಲಿರಬಹುದು. ಅಂತಹ ವೇಳೆಯಲ್ಲಿ ಕೋಳಿಯ ಊಟವನ್ನೇ ಬಿಡಬೇಕೆ ಎಂಬ ಪ್ರಶ್ನೆ ಏಳುತ್ತದೆ. ಸತ್ತ ಅಥವಾ ಮಂಕಾಗಿ ಕುಳಿತ ಕೋಳಿಯನ್ನು ಎಂದಿಗೂ ಕೊಯ್ಯಬಾರದು, ಮುಟ್ಟಲೂಬಾರದು, ಪಶುಚಿಕಿತ್ಸಾಲಯಕ್ಕೆ ತಿಳಿಸತಕ್ಕದ್ದು. ಬೆಲೆ ಬರುವುದೆಂದು ಅವಸರದಿಂದ ಸಂತೆಗೆ ಒಯ್ಯುವುದು ರೋಗವನ್ನು ಹತ್ತೂರಿಗೆ ಹಂಚಿದಂತೆ. ರೋಗವಿಲ್ಲದ ಕಡೆಯ, ಆರೋಗ್ಯವುಳ್ಳ ಕೋಳಿಯ ಮಾಂಸವು ಎಲ್ಲ ಭಾಗಗಳಲ್ಲಿಯೂ 70 ಡಿಗ್ರಿ ಸೆಲ್ಸಿಯಸಿಗೆ ಮೀರಿ ಬೆಂದರೆ ಆ ರೋಗಾಣುವು ನಾಶವಾಗುವುದು. ಕುದಿಯುವ ಸಾರಿನಲ್ಲಿ ದೀರ್ಘಕಾಲ ಬೇಯುವ ಪಾಕಗಳು, ಮೇಲೆ ಕರಿಕಾಗಿ ಒಳಗೆ ಹಸಿಯಾಗಿ ಉಳಿಯುವ ಸುಟ್ಟ ಮಾಂಸಕ್ಕಿಂತ ಈ ದೃಷ್ಟಿಯಿಂದ ಮೇಲಾದವು.

ಈಗ ಪಾಕಕ್ಕೆ ಬರೋಣ. ಆರು ಮಂದಿಗೆ ಬೇಕಾಗುವ ಸಾಮಗ್ರಿ: ಚರ್ಮ ತೆಗೆದು ಮೂಳೆಸಹಿತ ದೊಡ್ಡ ತುಂಡುಗಳಾಗಿ ಮಾಡಿದ ಕೋಳಿಮಾಂಸ 1 ಕಿಲೋಗ್ರಾಂ, ಬದನೆ ಮುಕ್ಕಾಲು ಕಿಲೋಗ್ರಾಂ, ಹಣ್ಣಾದ ಟೊಮೇಟೊ ಅರ್ಧ ಕಿಲೋಗ್ರಾಂ, ಈರುಳ್ಳಿ ಕಾಲು ಕಿಲೋಗ್ರಾಂ, ಬೆಳ್ಳುಳ್ಳಿ 8 ಎಸಳು, ಕುಟ್ಟಿದ ಕರಿಮೆಣಸು 1 ಚಮಚ, ದಾಲ್ಚಿನ್ನಿ ಬೆರಳಿನ ಒಂದು ಗೆಣ್ಣಿನಷ್ಟು, ನಿಂಬೆಹಣ್ಣು 1, ಎಣ್ಣೆ ಸುಮಾರು 90 ಮಿಲಿಲೀಟರು, ಉಪ್ಪು. ಖಾರವಿಲ್ಲದೆ ಊಟ ಸೇರದವರು ಎರಡು ಒಣಮೆಣಸಿನಕಾಯಿಗಳನ್ನು ಮುರಿದು ಹಾಕಿಕೊಳ್ಳಬಹುದು. ಮೂಲದ ಪಾಕದಲ್ಲಿ ಖಾರವು ಅತ್ಯಲ್ಪ.

ಎಣ್ಣೆಯ ವಿಷಯವಾಗಿ ಒಂದು ಮಾತು. ಆ ದೇಶಗಳವರು ಆಲಿವ್ ಕಾಯಿಯ ಎಣ್ಣೆಯನ್ನು ಬಳಸುವುದು ಆ ಮರವು ಅವರ ಬೆಟ್ಟಗಳಲ್ಲಿ ಬೆಳೆಯುವುದರಿಂದ. ಅದನ್ನು ಪೇಟೆಯಿಂದ ದುಡ್ಡು ಕೊಟ್ಟು ತರಿಸುವುದು ನಮ್ಮವರಿಗೆ ಅನಾವಶ್ಯಕ. ನಮ್ಮ ಹೊಲದ ಶೇಂಗಾದಿಂದ ಹಿಂಡಿದ ಎಣ್ಣೆಯು ಈ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಹಾಗೆಯೇ ಅವರು ‘ಒರೆಗಾನೊ’ ಎಂಬ ಪರಿಮಳದ ಸೊಪ್ಪನ್ನು ಹಾಕುತ್ತಾರೆ. ಅದರ ವಾಸನೆಗೆ ಕಾರಣವಾದ ಕಾರ್ವಕ್ರಾಲ್ ಎಂಬ ತೈಲಾಂಶವು ನಮ್ಮ ಹಿತ್ತಲ ದೊಡ್ಡಪತ್ರೆಯಲ್ಲಿಯೂ ಇದೆ. ಅದರ ಸೋದರಾಂಶವಾದ ಥೈಮಾಲ್ ಓಮದಲ್ಲಿ ಹೇರಳವಾಗಿದೆ. ಆದುದರಿಂದ 6-8 ದೊಡ್ಡಪತ್ರೆ ಎಲೆಗಳು, ಅದಿಲ್ಲದಿದ್ದರೆ ಅರ್ಧ ಚಮಚ ಓಮ ಸಾಕು.

ಮಾಂಸಕ್ಕೆ ಉಪ್ಪು, ಮೆಣಸಿನ ಪುಡಿ, ಅರ್ಧ ನಿಂಬೆಯ ರಸಗಳನ್ನು ಸವರಿ ಒಂದು ಗಂಟೆ ಮುಚ್ಚಿಡುವುದು. ಹಸಿಮಾಂಸವನ್ನು ಧಾರಾಳವಾಗಿ ನೀರು ಸುರಿದು ತೊಳೆಯುವ ಅಭ್ಯಾಸವು ಒಳ್ಳೆಯದೆಂದು ತೋರಿದರೂ, ಸಿಡಿದ ಹನಿಗಳಿಂದ ರೋಗಾಣುಗಳು ಪಾತ್ರೆಗಳಿಗೂ ಹಸಿ ತರಕಾರಿಗೂ ಹರಡುತ್ತವೆ. ಮಾಂಸವನ್ನು ಕತ್ತರಿಸಿದ ಹಲಗೆ ಈಳಿಗೆಗಳನ್ನು ಬಿಸಿನೀರು ಸೋಪಿನಿಂದ ತೊಳೆಯದೆ ಅವುಗಳಲ್ಲಿ ಈರುಳ್ಳಿಯನ್ನು ಹೆಚ್ಚಬಾರದು.

ಬದನೆಯನ್ನು ಹೆಬ್ಬೆರಳಿನ ದಪ್ಪದ ಬಿಲ್ಲೆಗಳಾಗಿ ಕೊಯ್ದು, ಒಂದು ದೊಡ್ಡ ಚಮಚ ಉಪ್ಪನ್ನು ಸವರಿ ಬಿದಿರಿನ ಬುಟ್ಟಿಯಲ್ಲಿ ಅರ್ಧ ಗಂಟೆ ಇಡತಕ್ಕದ್ದು. ಈ ಪಾಕದ ಗುಟ್ಟೆಲ್ಲ ಇಲ್ಲಿದೆ. ಬದನೆಯ ತಿರುಳು ಹತ್ತಿಯ ಉಂಡೆಯಂತೆ ಗಾಳಿಗೂಡುಗಳಿಂದ ತುಂಬಿರುತ್ತದೆ. ಹಾಗೆಯೇ ಬಾಣಲೆಗೆ ಹಾಕಿದರೆ ಆ ಗೂಡುಗಳು ಎಣ್ಣೆಯನ್ನು ಹೀರುತ್ತವೆ. ಎಷ್ಟು ಸುರಿದರೂ ಸಾಲದು, ಊಟವಾದ ಮೇಲೆ ಹೊಟ್ಟೆ ಭಾರ. ಉಪ್ಪು ನೀರನ್ನು ಹೊರಗೆಳೆದಾಗ ಗೂಡುಗಳು ಕುಸಿಯುತ್ತವೆ, ಎಣ್ಣೆಗೆ ಸ್ಥಳ ಉಳಿಯುವುದಿಲ್ಲ. ಅರ್ಧ ಗಂಟೆಯ ನಂತರ ಬಿಲ್ಲೆಗಳನ್ನು ಒಮ್ಮೆ ನೀರಿನಲ್ಲಿ ಅದ್ದಿ, ಅಂಗೈಗಳ ನಡುವೆ ಮೆಲ್ಲಗೆ ಹಿಂಡಿ, ಬಟ್ಟೆಯಿಂದ ಒರಸುವುದು. ನಮ್ಮ ಎಣ್ಣೆಗಾಯಿ ಮಾಡುವ ಹೆಂಗಸರು ಬದನೆಯನ್ನು ಉಪ್ಪುನೀರಿನಲ್ಲಿ ಹಾಕಿಡುವುದನ್ನು ಬಲ್ಲರು. ಆದರೆ ಅದು ಕಾಯಿ ಕಪ್ಪಾಗದಿರಲೆಂದು. ಇದು ಕಾಯಿ ಎಣ್ಣೆ ಕುಡಿಯದಿರಲೆಂದು.

ದಪ್ಪತಳದ ಪಾತ್ರೆಯಲ್ಲಿ ಅರ್ಧ ಎಣ್ಣೆಯನ್ನು ಕಾಯಿಸಿ, ಬಿಲ್ಲೆಗಳನ್ನು ಒಂದರ ಮೇಲೊಂದು ಬೀಳದಂತೆ ಎರಡು ಮೂರು ಸಲ ಹಾಕಿ, ಎರಡು ಮಗ್ಗುಲೂ ಕಂದುಬಣ್ಣ ಬರುವಂತೆ ಹುರಿದು ತೆಗೆದಿಡುವುದು. ಉಳಿದ ಎಣ್ಣೆಯಲ್ಲಿ ಮಾಂಸದ ತುಂಡುಗಳನ್ನು ಅಲುಗಿಸದೆ ಹುರಿದು ಹೊಂಬಣ್ಣ ಬಂದ ಮೇಲೆ ಅವುಗಳನ್ನೂ ತೆಗೆಯುವುದು. ಆಗ ತಳದಲ್ಲಿ ಅಂಟಿದ ಕಂದು ಪದರವನ್ನು ಕೆರೆದು ಬಿಸಾಡಬಾರದು. ರುಚಿಯೆಲ್ಲ ಅದರಲ್ಲಿಯೇ ಇರುವುದು. ಅದರ ಮೇಲೆಯೇ ಈರುಳ್ಳಿಯನ್ನು ಮೆತ್ತಗಾಗುವವರೆಗೆ ಬಾಡಿಸಿ, ಜಜ್ಜಿದ ಬೆಳ್ಳುಳ್ಳಿ ದಾಲ್ಚಿನ್ನಿಗಳನ್ನು ಸೇರಿಸಿ, ಹೆಚ್ಚಿದ ಟೊಮೇಟೊವನ್ನು ಹಾಕಿ ಎಣ್ಣೆ ಬಿಡುವವರೆಗೆ ಕುದಿಸುವುದು. ಹುಳಿಯುಳ್ಳ ಪಾಕವಾದ್ದರಿಂದ ಕಲಾಯಿಯಿಲ್ಲದ ಹಿತ್ತಾಳೆ ತಾಮ್ರಗಳ ಪಾತ್ರೆ ಸಲ್ಲದು. ಮಣ್ಣಿನ ಗಡಿಗೆ ಉತ್ತಮ.

ಅನಂತರ ಮಾಂಸವನ್ನು ಮರಳಿ ಹಾಕಿ, ಒಂದು ಲೋಟ ನೀರು ಬಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಬೇಕು. ಕಾಲವು ಕೋಳಿಯನ್ನು ಅವಲಂಬಿಸಿದೆ. ಅಂಗಡಿಯ ಬ್ರಾಯ್ಲರ್ ಕೋಳಿಯು ಆರೇಳು ವಾರದ ಮರಿಯಾದುದರಿಂದ ಅರ್ಧ ಗಂಟೆಯಲ್ಲಿ ಬೇಯುವುದು. ವರ್ಷ ತುಂಬಿದ ಜವಾರಿ ಕೋಳಿಯು ಓಡಾಡಿ ಬೆಳೆದದ್ದು. ಅದರ ಸ್ನಾಯುಗಳ ನಡುವಿನ ಗಟ್ಟಿ ನಾರು ಕರಗಿ ಸಾರಿಗೆ ಇಳಿಯಲು ಒಂದೂಕಾಲು ಗಂಟೆಯಾದರೂ ಬೇಕು, ಮೊಟ್ಟೆ ಬಿಟ್ಟ ಮುದಿಹೇಂಟೆಗೆ ಇನ್ನೂ ಹೆಚ್ಚು. ಎರಡನ್ನೂ ಒಂದೇ ಗಡಿಯಾರದಿಂದ ಅಳೆದವರು ಒಂದನ್ನು ನಾರುನಾರಾಗಿಯೂ ಇನ್ನೊಂದನ್ನು ಚರ್ಮದಂತೆಯೂ ಮಾಡಿ ಪಾಕವನ್ನೇ ದೂರುತ್ತಾರೆ. ತೊಡೆಯ ದಪ್ಪಭಾಗವನ್ನು ಚುಚ್ಚಿದರೆ ಕೆಂಪುರಸ ಬಾರದೆ, ಮಾಂಸವು ಮೂಳೆಯಿಂದ ಸಡಿಲವಾದಾಗ ಬೆಂದಿದೆಯೆಂದು ತಿಳಿಯುವುದು.

ಬದನೆಯನ್ನು ಕೊನೆಯ ಕಾಲು ಗಂಟೆಯಲ್ಲಿ ಮಾತ್ರ ಸೇರಿಸತಕ್ಕದ್ದು. ಮೊದಲೇ ಹಾಕಿದರೆ ಕರಗಿ ಗೊಜ್ಜಾಗುವುದು. ಸೇರಿಸಿದ ಮೇಲೆ ಸವಟಿನಿಂದ ಕದಡದೆ ಪಾತ್ರೆಯನ್ನೇ ಎರಡು ಸಲ ಅಲುಗಿಸಿ, ದೊಡ್ಡಪತ್ರೆಯನ್ನು ಹರಿದು ಹಾಕಿ, ಬೆಂದ ನಂತರ ಕೆಳಗಿಳಿಸಿ ಮುಚ್ಚಿಯೇ ಇನ್ನೊಂದು ಕಾಲು ಗಂಟೆ ಬಿಟ್ಟು, ಬಡಿಸುವಾಗ ಉಳಿದ ನಿಂಬೆರಸವನ್ನು ಹಿಂಡುವುದು. ಬದನೆಯಲ್ಲಿ ಉಪ್ಪು ಆಗಲೇ ಇರುವುದರಿಂದ ಸಾರಿನ ಉಪ್ಪನ್ನು ಕೊನೆಗೆ ನೋಡಿ ಸರಿಪಡಿಸುವುದು ಕ್ಷೇಮ. ಜೋಳದ ರೊಟ್ಟಿಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ರಾಗಿಮುದ್ದೆಗೆ ಬೇಕಾದರೆ ನೀರನ್ನು ಒಂದು ಲೋಟ ಹೆಚ್ಚಿಸಬೇಕು.

ಬದನೆಯು ನೂರರಲ್ಲಿ ತೊಂಬತ್ತು ಪಾಲಿಗೂ ಮಿಕ್ಕಿ ನೀರು. ಅದರಿಂದ ಬಲ ಬರುವುದೆಂದು ನಾವು ಹೇಳುವುದಿಲ್ಲ. ಬಲವು ಮಾಂಸದಲ್ಲಿದೆ. ಆದರೆ ಒಂದು ಕಿಲೋ ಮಾಂಸವನ್ನು ಆರು ಮಂದಿಗೆ ತೃಪ್ತಿಯಾಗುವಂತೆ ಹಿಗ್ಗಿಸುವುದು ಬದನೆಯೇ. ಕೋಳಿಮಾಂಸದ ಕಬ್ಬಿಣಾಂಶವು ಸುಲಭವಾಗಿ ರಕ್ತಗತವಾಗುವುದಲ್ಲದೆ, ಜೊತೆಗೆ ಉಂಡ ರಾಗಿ ಸೊಪ್ಪುಗಳ ಕಬ್ಬಿಣಾಂಶವೂ ಹೆಚ್ಚಾಗಿ ಹಿಡಿಯುವಂತೆ ಮಾಡುತ್ತದೆ. ನಿಂಬೆಯ ಹುಳಿಯೂ ಅದಕ್ಕೆ ಸಹಾಯಕ. ಆದುದರಿಂದ ಬಸುರಿ ಬಾಣಂತಿಯರಿಗೂ ಬೆಳೆಯುವ ಹೆಣ್ಣುಮಕ್ಕಳಿಗೂ ಪಾಲು ತಪ್ಪಬಾರದು. ಗಂಡಸರ ಪಂಕ್ತಿ ಎದ್ದ ಮೇಲೆ ಗಡಿಗೆಯ ತಳದಲ್ಲಿ ಮೂಳೆ ಮಾತ್ರ ಉಳಿಯುವ ಮನೆಗಳಲ್ಲಿ ಬಡಿಸುವ ಮೊದಲೇ ಪಾಲನ್ನು ಎತ್ತಿಡುವುದು ಲೇಸು.

ಕೊಟ್ಟೂರು, ಹರಪನಹಳ್ಳಿ, ಹಡಗಲಿ ಕಡೆಗಳಲ್ಲಿ ಮಾಂಸವನ್ನು ಮುಟ್ಟದ ಮನೆತನಗಳು ಅನೇಕವುಂಟು. ಅವರಿಗೂ ಈ ಪಾಕವು ನಿಷಿದ್ಧವಲ್ಲ. ಲೆಬನಾನಿನವರು ಮಾಂಸದ ಸ್ಥಾನದಲ್ಲಿ ಕಡಲೆಯನ್ನು ಹಾಕಿ ಇದೇ ಕ್ರಮದಲ್ಲಿ ಬದನೆ ಟೊಮೇಟೊಗಳೊಡನೆ ಬೇಯಿಸಿ, ಆರಿದ ಮೇಲೆ ರೊಟ್ಟಿಯೊಡನೆ ತಿನ್ನುತ್ತಾರೆ. ಕಾಲು ಕಿಲೋ ಕಡಲೆಯನ್ನು ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಟೊಮೇಟೊ ಸೇರಿಸುವ ಮುಂಚೆ ಬೇರೆಯಾಗಿ ಮೆತ್ತಗೆ ಬೇಯಿಸಿಕೊಳ್ಳಬೇಕು. ಹುಳಿ ಬಿದ್ದ ಮೇಲೆ ಕಡಲೆಯು ಬೇಯಲೊಲ್ಲದು.

ಮಿಕ್ಕ ಪಾಕವನ್ನು ಬೇಸಗೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ತಣ್ಣನೆಯ ಪೆಟ್ಟಿಗೆಯಿರುವವರು ಅದರಲ್ಲಿಟ್ಟು ಮರುದಿನ ತಳಮಳ ಕುದಿಸಿ ಬಳಸಬಹುದು. ಇಲ್ಲದವರು ಅಂದಿನದನ್ನು ಅಂದೇ ಮುಗಿಸುವಷ್ಟೇ ಮಾಡತಕ್ಕದ್ದು. ಬದನೆಯ ತೊಟ್ಟು ಸಿಪ್ಪೆಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದು, ಹುಳುವಿದ್ದವುಗಳನ್ನು ಮಾತ್ರ ಮೊದಲು ಹೇಳಿದಂತೆ ಹೂಳುವುದು. ಕೋಳಿಯ ಪುಕ್ಕ ಕರುಳುಗಳನ್ನು ಬೀದಿಯ ನಾಯಿಗಳ ಪಾಲು ಮಾಡದೆ ಒಂದು ಮೊಳ ಆಳದಲ್ಲಿ ಸುಣ್ಣ ಹಾಕಿ ಮುಚ್ಚತಕ್ಕದ್ದು. 2013ರಲ್ಲಿ ಕರಡಿಧಾಮವೆಂದು ಘೋಷಿಸಲ್ಪಟ್ಟ ಗುಡೇಕೋಟೆಯ ಬೆಟ್ಟಗಳಂಚಿನ ಊರುಗಳಲ್ಲಿ ಹೊಲದ ಬಳಿ ತ್ಯಾಜ್ಯವನ್ನು ಎಸೆಯದಿರುವುದಕ್ಕೆ ಇನ್ನೊಂದು ಕಾರಣವೂ ಇದೆಯೆಂಬುದನ್ನು ರಾತ್ರಿ ನೀರು ಹಾಯಿಸಲು ಹೋಗುವವರಿಗೆ ಬೇರೆಯಾಗಿ ಹೇಳಬೇಕಾದ್ದಿಲ್ಲ.